ಆಕಾಶದಲ್ಲಿ ಬೆಂಕಿ ಉಂಡೆ ಹೋಗಿದ್ದು ನೋಡಿದ್ರಾ? ಮೊದಲ ಹತ್ತು ನಿಮಿಷ ಏನ್ ಮಾಡ್ಬೇಕು, ಆಮೇಲೆ ಯಾರಿಗೆ ಹೇಳ್ಬೇಕು

ರಾತ್ರಿ ಸುಮ್ನೆ ಹೊರಗೆ ನಿಂತಿದ್ದೆ, ಇದ್ದಕ್ಕಿದ್ದಂಗೆ ಸುತ್ತಮುತ್ತ ಬೆಳಕಾಯ್ತು, ಮೇಲೆ ನೋಡಿದ್ರೆ ಹಸಿರು ಬಣ್ಣದ ದೊಡ್ಡ ಉಂಡೆ, ಹಿಂದೆ ಬಾಲ, ನಾಲ್ಕೈದು ಸೆಕೆಂಡಲ್ಲಿ ಮಾಯ. ಏನದು? ಎಲ್ಲಿ ಬಿತ್ತು? ಯಾರಿಗೆ ಹೇಳ್ಬೇಕು? ಇದೇ ಮೂರು ಪ್ರಶ್ನೆ ಬೇರೆ ಬೇರೆ ಜನರಿಂದ ಬರ್ತಾನೇ ಇರ್ತವೆ, ಅದಕ್ಕೆ ಒಂದೇ ಕಡೆ ಪೂರ್ತಿಯಾಗಿ ಬರೆದಿಡ್ತಾ ಇದೀನಿ.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ಇಂಥದ್ದು ನೋಡಿದವರು ಅದೆಷ್ಟು ಚೆನ್ನಾಗಿತ್ತು ಅಂತ ಬಾಯ್ತುಂಬ ಹೇಳ್ತಾರೆ, ಆದ್ರೆ ಎಷ್ಟು ಗಂಟೆಗೆ, ನೀವು ಎಲ್ಲಿ ನಿಂತಿದ್ರಿ, ಯಾವ ಮರದ ಮೇಲಿಂದ ಶುರುವಾಗಿ ಯಾವ ಕಂಬದ ಪಕ್ಕದಲ್ಲಿ ಆರಿಹೋಯ್ತು ಅಂತ ಕೇಳಿದ್ರೆ ತಡವರಿಸ್ತಾರೆ. ಉಲ್ಕೆಗಳ ಬಗ್ಗೆ ಕೆಲಸ ಮಾಡೋರಿಗೆ ಬೇಕಾಗಿರೋದು ಈ ಎರಡನೇ ಥರದ ವಿವರ, ಮತ್ತೆ ನೆನಪಿನಿಂದ ಬೇಗ ಅಳಿಸಿಹೋಗೋದೂ ಅದೇ. ನಿಮ್ಮ ಹತ್ರ ಟೆಲಿಸ್ಕೋಪ್ ಬೇಡ, ಖಗೋಳಶಾಸ್ತ್ರ ಓದಿರಬೇಕಿಲ್ಲ, ಮೊದಲ ಹತ್ತು ನಿಮಿಷ ಸರಿಯಾಗಿ ಬಳಸಿದ್ರೆ ನಿಮ್ಮ ಒಂದು ವರದಿ ನಿಜವಾಗ್ಲೂ ಕೆಲಸಕ್ಕೆ ಬರುತ್ತೆ.

ಮೊದಲು ಕೆಲವು ಪದ

ಬಾಹ್ಯಾಕಾಶದಲ್ಲಿ ಸುತ್ತುತ್ತಿರೋ ಸಣ್ಣ ಕಲ್ಲು ಅಥವಾ ಕಣ ನಮ್ಮ ವಾತಾವರಣಕ್ಕೆ ನುಗ್ಗಿದಾಗ ಕಾಣೋ ಬೆಳಕಿನ ಗೆರೆ ಉಲ್ಕೆ. ಅದು ಶುಕ್ರ ಗ್ರಹಕ್ಕಿಂತ ಹೆಚ್ಚು ಹೊಳೆದ್ರೆ ಫೈರ್‌ಬಾಲ್, ಅಂದ್ರೆ ಅಗ್ನಿಗೋಳ. ಲೆಕ್ಕದ ಭಾಷೇಲಿ ಕಾಂತಿಮಾನ ಮೈನಸ್ 4ಕ್ಕಿಂತ ಹೆಚ್ಚು ಹೊಳಪು ಅಂತಾರೆ. ಕಾಂತಿಮಾನ ಅಂದ್ರೆ ಹೊಳಪಿನ ಅಳತೆ, ಸಂಖ್ಯೆ ಕಮ್ಮಿ ಆದಷ್ಟೂ ಹೊಳಪು ಜಾಸ್ತಿ, ಹುಣ್ಣಿಮೆ ಚಂದ್ರ ಸುಮಾರು ಮೈನಸ್ 12.7. ಫಳ್ ಅಂತ ಸಿಡಿದು ಚೂರಾಗೋ ಫೈರ್‌ಬಾಲ್‌ಗೆ ಬೊಲೈಡ್ ಅಂತ ಕರೀತಾರೆ. ಎಲ್ಲಾ ಉರಿದು ಮಿಕ್ಕಿ ನೆಲಕ್ಕೆ ಬಿದ್ದ ಚೂರು ಉಲ್ಕಾಶಿಲೆ.

ಇವು ಸೆಕೆಂಡಿಗೆ 11ರಿಂದ 72 ಕಿಲೋಮೀಟರ್ ವೇಗದಲ್ಲಿ ಬರ್ತವೆ. ಆ ವೇಗಕ್ಕೆ ಎದುರಿಗಿರೋ ಗಾಳಿ ಪಕ್ಕಕ್ಕೆ ಸರಿಯೋಕೂ ಸಮಯ ಸಿಗದೆ ಒತ್ತಿಕೊಂಡು ವಿಪರೀತ ಕಾದುಬಿಡುತ್ತೆ, ಆ ಬಿಸಿಗೆ ಕಲ್ಲಿನ ಮೇಲ್ಮೈ ಆವಿಯಾಗ್ತಾ ಹೋಗುತ್ತೆ, ನಾವು ನೋಡೋ ಬೆಳಕು ಅಲ್ಲಿಂದ ಬರೋದು. ಇದೆಲ್ಲ ಸಾಮಾನ್ಯವಾಗಿ ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ ಶುರುವಾಗುತ್ತೆ. ಈ ಸಂಖ್ಯೆ ತಲೇಲಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ. ಇಡೀ ಭೂಮಿ ಲೆಕ್ಕ ಹಾಕಿದ್ರೆ ದಿನಕ್ಕೆ ಸಾವಿರಗಟ್ಟಲೆ ಫೈರ್‌ಬಾಲ್ ಬರ್ತವೆ, ಆದ್ರೆ ಬಹಳಷ್ಟು ಸಮುದ್ರದ ಮೇಲೆ, ಜನ ಇಲ್ಲದ ಜಾಗದಲ್ಲಿ, ಹಗಲಲ್ಲಿ, ಮೋಡದ ಮೇಲೆ ಹೋಗಿಬಿಡ್ತವೆ. ನಿಮ್ಮ ಕಣ್ಣಿಗೆ ಬಿದ್ದದ್ದನ್ನ ನೋಡಿದವರು ಆ ಭಾಗದಲ್ಲಿ ಬೆರಳೆಣಿಕೆಯಷ್ಟೇ ಜನ ಇರಬಹುದು. ಅದಕ್ಕೇ ಬೇರೆ ಯಾರಾದ್ರೂ ಹೇಳ್ತಾರೆ ಬಿಡು ಅಂತ ಸುಮ್ನಾಗ್ಬೇಡಿ.

ಬೇಕಾಗಿರೋ ಸಾಮಾನು ಇಷ್ಟೇ: ನಿಮ್ಮ ಫೋನು, ಒಂದು ಪೇಪರ್ ಪೆನ್ನು, ನಿಮ್ಮ ಕೈ. ಹೌದು ಕೈಯೇ, ಅದರಲ್ಲೇ ಕೋನ ಅಳೀಬೇಕು.

ಹಂತ 1: ನಿಂತ ಜಾಗ ಬಿಡ್ಬೇಡಿ

ಬೆಳಕು ಆರಿದ ತಕ್ಷಣ ಎಲ್ಲರೂ ಮಾಡೋ ಕೆಲಸ ಅಂದ್ರೆ ಮನೆಯೊಳಗೆ ಓಡಿಹೋಗಿ ಬೇರೆಯವರನ್ನ ಕರೆಯೋದು. ಓಡಬೇಡಿ, ಅಲ್ಲೇ ಕೂಗಿ ಕರೀರಿ. ನೀವು ಎರಡು ಹೆಜ್ಜೆ ಪಕ್ಕಕ್ಕೆ ಹೋದ್ರೂ ಆ ಬೆಳಕು ಯಾವ ಕೊಂಬೆಯ ತುದಿಗೆ ತಾಗಿದಂತೆ ಕಂಡಿತ್ತೋ ಅದು ಬದಲಾಗಿಬಿಡುತ್ತೆ, ಯಾಕಂದ್ರೆ ಮರ ನಿಮಗೆ ಹತ್ರ ಇದೆ, ಉಲ್ಕೆ ಎಲ್ಲೋ ದೂರ ಇತ್ತು.

ನಿಂತಲ್ಲೇ ನಿಂತು ಎರಡು ಜಾಗ ಗುರುತು ಮಾಡ್ಕೊಳ್ಳಿ. ಮೊದಲು ಅದು ಆರಿಹೋದ ಜಾಗ, ಆಮೇಲೆ ಶುರುವಾದ ಜಾಗ. ಆರಿದ್ದನ್ನ ಮೊದಲು ಹಿಡಿಯೋಕೆ ಕಾರಣ ಇದೆ: ಶುರುವಾದಾಗ ನಿಮ್ಮ ಗಮನ ಅಲ್ಲಿರಲಿಲ್ಲ, ಬಹುಶಃ ಅರ್ಧ ದಾರಿ ಕಳೆದ ಮೇಲೆ ನೋಡಿದ್ರಿ, ಕೊನೆಯನ್ನ ಮಾತ್ರ ಕಣ್ಣಾರೆ ಕಂಡಿರ್ತೀರಿ. ಕೆಳಗಿರೋ ಯಾವುದಾದ್ರೂ ಕದಲದ ವಸ್ತುವಿಗೆ ಹೊಂದಿಸಿ ನೆನಪಿಟ್ಕೊಳ್ಳಿ, ಮನೆಯ ಮೂಲೆ, ನೀರಿನ ಟ್ಯಾಂಕ್, ಕಂಬ, ಗುಡ್ಡದ ತುದಿ, ಯಾವುದಾದ್ರೂ ಸರಿ. ನಕ್ಷತ್ರ ಗೊತ್ತಿರೋರಿಗೆ ಇನ್ನೂ ಒಳ್ಳೇದು, ಸಪ್ತರ್ಷಿಯ ಬಾಲದ ಹತ್ರ ಶುರುವಾಗಿ ಧ್ರುವ ನಕ್ಷತ್ರದ ಕೆಳಗೆ ಮುಗೀತು ಅಂತ ಹೇಳೋಕಾದ್ರೆ ಅದಕ್ಕಿಂತ ನಿಖರವಾದ ವರದಿ ಬರಿಗಣ್ಣಲ್ಲಿ ಸಾಧ್ಯವಿಲ್ಲ.

ಹಾಗೇ ಫೋನ್ ತೆಗೆದು ಟೈಮ್ ನೋಡಿ. ಗೋಡೆ ಗಡಿಯಾರ, ಕೈ ಗಡಿಯಾರ ನಂಬಬೇಡಿ, ನೆಟ್‌ವರ್ಕ್‌ನಿಂದ ಸಮಯ ಹೊಂದಿಸ್ಕೊಳ್ಳೋ ಫೋನೇ ಸರಿ. ಸುಮಾರು ಒಂಬತ್ತೂವರೆ ಅಂದ್ರೆ ಸಾಲದು, 9:34 ಅಂತ ಬೇಕು, ಯಾಕಂದ್ರೆ ಅದೇ ಗಂಟೆಯಲ್ಲಿ ಬೇರೆ ಕಡೆ ಇನ್ನೊಂದು ಉಲ್ಕೆ ಹೋಗಿದ್ರೆ ಎರಡೂ ವರದಿ ಕಲಸಿಹೋಗ್ತವೆ.

ಹಂತ 2: ಶಬ್ದಕ್ಕೆ ಕಾಯಿರಿ, ಕಿಟಕಿಯಿಂದ ದೂರ ಇರಿ

ಈ ಹಂತಾನ ಬಹಳ ಜನ ಬಿಟ್ಟೇಬಿಡ್ತಾರೆ. ಶಬ್ದ ಒಂದು ಕಿಲೋಮೀಟರ್ ಬರೋಕೆ ಸುಮಾರು 3 ಸೆಕೆಂಡ್ ತಗೊಳ್ಳುತ್ತೆ. ಉಲ್ಕೆ ನಿಮ್ಮಿಂದ 40 ಕಿಲೋಮೀಟರ್ ದೂರದಲ್ಲಿ ಸಿಡಿದಿದ್ರೆ ಸದ್ದು ಬರೋದು ಎರಡು ನಿಮಿಷ ಆದ್ಮೇಲೆ, ಅಷ್ಟೊತ್ತಿಗೆ ಎಲ್ಲರೂ ಒಳಗೆ ಹೋಗಿ ಮಾತಾಡ್ತಾ ಇರ್ತಾರೆ, ಗುಡುಗು ಅಂದ್ಕೊಳ್ತಾರೆ. ಫೋನಲ್ಲಿ ಸ್ಟಾಪ್‌ವಾಚ್ ಒತ್ತಿ, ಹತ್ತು ಸೆಕೆಂಡ್ ತಡವಾಗಿ ಒತ್ತಿದ್ರೂ ಪರವಾಗಿಲ್ಲ ಅದನ್ನೂ ಬರೆದಿಡಿ, ಐದಾರು ನಿಮಿಷ ಸುಮ್ನೆ ಕಿವಿಗೊಟ್ಟು ನಿಂತ್ಕೊಳ್ಳಿ. ವಾಯ್ಸ್ ರೆಕಾರ್ಡರ್ ಆನ್ ಮಾಡಿಟ್ರೆ ಇನ್ನೂ ಒಳ್ಳೇದು. ಢಮ್ ಅಂತ ಒಂದೇ ಸದ್ದಾ, ಎರಡು ಮೂರು ಸಲಾನಾ, ಗುಡುಗಿನ ಥರ ಉರುಳಿಕೊಂಡು ಹೋಯ್ತಾ, ಕಿಟಕಿ ಗಾಜು ಅದುರಿತಾ, ಎಲ್ಲ ಬರೀರಿ. ಏನೂ ಕೇಳಿಸಲಿಲ್ಲ ಅಂದ್ರೆ ಐದು ನಿಮಿಷ ಕಾದೆ ಏನೂ ಕೇಳಿಸಲಿಲ್ಲ ಅಂತ ಬರೀರಿ, ಅದೂ ಮಾಹಿತಿನೇ. ಸದ್ದು ಕೇಳಿಸ್ತು ಅಂದ್ರೆ ಆ ಕಲ್ಲು ವಾತಾವರಣದಲ್ಲಿ ಸಾಕಷ್ಟು ಕೆಳಗೆ ಬಂದಿತ್ತು ಅಂತ, ಚೂರು ನೆಲಕ್ಕೆ ಬಿದ್ದಿರೋ ಸಾಧ್ಯತೆ ಇದೆ ಅಂತ.

ಬೆಳಕು ಹೋಗ್ತಿರೋವಾಗಲೇ ಸುಯ್ ಅಂತಲೋ ಚಟಪಟ ಅಂತಲೋ ಸಣ್ಣ ಸದ್ದು ಕೇಳಿಸ್ತು ಅಂತ ಕೆಲವರು ಹೇಳ್ತಾರೆ. ಅಷ್ಟು ದೂರದಿಂದ ಶಬ್ದ ಆ ಕ್ಷಣಕ್ಕೆ ಬರೋದು ಸಾಧ್ಯವಿಲ್ಲ, ಆದ್ರೂ ನೂರಾರು ವರ್ಷದಿಂದ ಇಂಥ ವರದಿಗಳಿವೆ, ಬೆಳಕಿನ ಏರಿಳಿತಕ್ಕೆ ಕೂದಲು, ಎಲೆ, ಬಟ್ಟೆಯಂಥ ವಸ್ತು ಕ್ಷಣಕ್ಷಣಕ್ಕೂ ಬಿಸಿಯಾಗಿ ಪಕ್ಕದ ಗಾಳಿಯನ್ನ ಅದುರಿಸಬಹುದು ಅಂತ ಒಂದು ವಿವರಣೆಯನ್ನೂ ವಿಜ್ಞಾನಿಗಳು ಮುಂದಿಟ್ಟಿದ್ದಾರೆ. ನಿಮಗೆ ಕೇಳಿಸಿದ್ರೆ ನಾಚಿಕೆ ಪಡದೆ ಬರೀರಿ. ವರದಿ ಫಾರ್ಮ್‌ನಲ್ಲಿ ಬೆಳಕಿನ ಜೊತೆಗೇ ಬಂದ ಶಬ್ದ ಮತ್ತೆ ತಡವಾಗಿ ಬಂದ ಶಬ್ದ ಅಂತ ಬೇರೆ ಬೇರೆ ಕೇಳ್ತಾರೆ, ಎರಡನ್ನ ಬೆರೆಸ್ಬೇಡಿ.

ಈಗ ಎಚ್ಚರಿಕೆ. 2013ರ ಫೆಬ್ರವರಿ 15ರ ಬೆಳಿಗ್ಗೆ ರಷ್ಯಾದ ಚೆಲ್ಯಾಬಿನ್ಸ್ಕ್ ಹತ್ರ ಸುಮಾರು 20 ಮೀಟರ್ ಅಗಲದ ಕಲ್ಲು ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ ಸಿಡೀತು. ಬೆಳಕು ನೋಡಿದ ಜನ ಏನಾಯ್ತು ಅಂತ ನೋಡೋಕೆ ಕಿಟಕಿ ಹತ್ರ ಬಂದ್ರು, ನಗರಕ್ಕೆ ಆಘಾತ ತರಂಗ ಬಂದಿದ್ದು ಎರಡು ನಿಮಿಷಕ್ಕೂ ಹೆಚ್ಚು ಹೊತ್ತಾದ ಮೇಲೆ, ಸಾವಿರಾರು ಕಟ್ಟಡಗಳ ಗಾಜು ಒಡೆದು ಸುಮಾರು 1500 ಜನ ಚಿಕಿತ್ಸೆಗೆ ಹೋಗ್ಬೇಕಾಯ್ತು. ಅಂಥದ್ದು ಬಹಳ ಅಪರೂಪ, ಆದ್ರೆ ರಾತ್ರಿ ಹಗಲಾದಂಗೆ ಬೆಳಕಾದ್ರೆ ಗಾಜಿನ ಹತ್ರ ಹೋಗ್ಬೇಡಿ, ಮಕ್ಕಳನ್ನ ಕಿಟಕಿಯಿಂದ ಈಚೆ ಕರ್ಕೊಳ್ಳಿ. ಇದನ್ನ ಮನೆಯವರಿಗೆಲ್ಲ ಇವತ್ತೇ ಹೇಳಿಡಿ.

ಹಂತ 3: ಯಾರ ಜೊತೆಗೂ ಚರ್ಚೆ ಮಾಡೋ ಮುಂಚೆ ಬರೆದಿಡಿ

ಪಕ್ಕದಲ್ಲಿದ್ದವರು ನೀಲಿ ಇತ್ತಲ್ವಾ ಅಂದ್ರೆ ಐದು ನಿಮಿಷದಲ್ಲಿ ನಿಮಗೂ ನೀಲಿಯಾಗೇ ನೆನಪಾಗೋಕೆ ಶುರುವಾಗುತ್ತೆ. ಇಬ್ಬರು ನೋಡಿದ್ರೆ ಇಬ್ಬರೂ ಬೇರೆ ಬೇರೆ ಬರೀರಿ, ಆಮೇಲೆ ಮಾತಾಡಿ. ಸೋಶಿಯಲ್ ಮೀಡಿಯಾ ತೆರೆದು ಬೇರೆಯವರು ಏನಂದ್ರು ನೋಡೋದೂ ಇದಾದ ಮೇಲೇನೇ.

ಏನೇನು ಬರೀಬೇಕು? ಬಣ್ಣ, ಮಧ್ಯದಲ್ಲಿ ಬದಲಾಯ್ತಾ ಅನ್ನೋದು. ಚೂರಾಯ್ತಾ, ಎಷ್ಟು ಚೂರು ಕಂಡ್ವು. ಕೊನೇಲಿ ಫಳ್ ಅಂತ ಮಿಂಚಿತಾ ಅಥವಾ ಮೆಲ್ಲಗೆ ಕೆಂಪಾಗಿ ಆರಿಹೋಯ್ತಾ. ಹಿಂದೆ ಗೆರೆ ಉಳೀತಾ, ಉಳಿದಿದ್ರೆ ಎಷ್ಟು ಸೆಕೆಂಡ್ ಇತ್ತು, ಹೊಗೆ ಥರಾನಾ ಅಥವಾ ತಾನೇ ಹೊಳೀತಿತ್ತಾ. ಹಸಿರು, ನೀಲಿಹಸಿರು ಬಣ್ಣಕ್ಕೆ ಮೆಗ್ನೀಸಿಯಂ ಒಂದು ಮುಖ್ಯ ಕಾರಣ, ಹಳದಿ ಕಿತ್ತಳೆಗೆ ಸೋಡಿಯಂ, ನೇರಳೆಗೆ ಕ್ಯಾಲ್ಸಿಯಂ, ಕೆಂಪು ಬಹಳ ಸಲ ನಮ್ಮ ಗಾಳಿಯದೇ. ಆದ್ರೆ ವೇಗಕ್ಕೆ ತಕ್ಕಂತೆ ಬಣ್ಣ ಬದಲಾಗುತ್ತೆ, ಹಾಗಾಗಿ ಹಸಿರು ಕಂಡ್ತು ಅಂದಮಾತ್ರಕ್ಕೆ ಕಲ್ಲು ಇಂಥದ್ದೇ ಅಂತ ತೀರ್ಮಾನ ಮಾಡೋಕಾಗಲ್ಲ.

ಹೊಳಪು ಹೇಳೋಕೆ ಒಂದು ಸುಲಭ ದಾರಿ ಇದೆ: ನೆಲದ ಮೇಲೆ ನೆರಳು ಬಿತ್ತಾ? ನೆರಳು ಸರಿದಾಡಿದ್ದು ಸ್ಪಷ್ಟವಾಗಿ ಕಂಡಿದ್ರೆ ಶುಕ್ರನಿಗಿಂತ ಎಷ್ಟೋ ಪಟ್ಟು ಪ್ರಕಾಶ ಇತ್ತು. ಚಂದ್ರ ಇದ್ದ ರಾತ್ರಿಯಾದ್ರೆ ಚಂದ್ರನ ಜೊತೆ ಹೋಲಿಸಿ ಬರೀರಿ. ಚೆಂಡಿನಷ್ಟು, ಕಾರಿನಷ್ಟು ದೊಡ್ಡದಿತ್ತು ಅಂತ ಬರೆಯೋದು ಬೇಡ, ದೂರ ಗೊತ್ತಿಲ್ಲದೆ ಗಾತ್ರ ಹೇಳೋಕೆ ಬರಲ್ಲ, ಮತ್ತೆ ವಿಪರೀತ ಹೊಳೆಯೋದೆಲ್ಲ ಕಣ್ಣಿಗೆ ಇರೋದಕ್ಕಿಂತ ದೊಡ್ಡದಾಗಿ ಕಾಣುತ್ತೆ.

ಎಷ್ಟು ಸೆಕೆಂಡ್ ಇತ್ತು ಅನ್ನೋದರಲ್ಲಿ ಸಾಮಾನ್ಯವಾಗಿ ಎಲ್ಲರೂ ಜಾಸ್ತಿ ಹೇಳ್ತಾರೆ. ಅದಕ್ಕೆ ಹೀಗೆ ಮಾಡಿ: ಒಂದು ಕೈ ಚಾಚಿ ಬೆರಳಿಂದ ಆ ದಾರಿಯನ್ನ ಆಕಾಶದಲ್ಲಿ ಮತ್ತೆ ಗೀಚಿ, ನೋಡಿದ ವೇಗದಲ್ಲೇ, ಇನ್ನೊಂದು ಕೈಲಿ ಸ್ಟಾಪ್‌ವಾಚ್ ಒತ್ತಿ. ಮೂರು ನಾಲ್ಕು ಸಲ ಮಾಡಿ ಸರಾಸರಿ ತಗೊಳ್ಳಿ. ಹದಿನೈದು ಸೆಕೆಂಡ್ ಇತ್ತು ಅಂತ ಅನಿಸಿದ್ದು ಎಷ್ಟೋ ಸಲ ಐದಕ್ಕೆ ಇಳಿಯುತ್ತೆ.

ಹಂತ 4: ದಿಕ್ಕು, ಎತ್ತರ ಅಳೆಯೋದು

ಇಡೀ ವರದಿಯ ಜೀವ ಇರೋದು ಇಲ್ಲಿ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಎರಡು ಜಾಗಕ್ಕೆ ಎರಡೆರಡು ಸಂಖ್ಯೆ ಬೇಕು: ಶುರುವಾದ ಜಾಗದ ದಿಕ್ಕು ಮತ್ತೆ ಎತ್ತರ, ಮುಗಿದ ಜಾಗದ ದಿಕ್ಕು ಮತ್ತೆ ಎತ್ತರ. ದಿಕ್ಕು ಅಂದ್ರೆ ಉತ್ತರ 0 ಡಿಗ್ರಿ, ಪೂರ್ವ 90, ದಕ್ಷಿಣ 180, ಪಶ್ಚಿಮ 270. ಎತ್ತರ ಅಂದ್ರೆ ಇಲ್ಲಿ ಕಿಲೋಮೀಟರ್ ಅಲ್ಲ, ಕೋನ: ದಿಗಂತ 0 ಡಿಗ್ರಿ, ನೆತ್ತಿ 90.

ದಿಕ್ಕಿಗೆ ಫೋನಿನ ಕಂಪಾಸ್ ಸಾಕು. ಆದ್ರೆ ಕಾರಿನ ಪಕ್ಕ, ಕಬ್ಬಿಣದ ಗೇಟ್, ತಾರಸಿಯ ರೇಲಿಂಗ್ ಹತ್ರ ನಿಂತು ನೋಡಿದ್ರೆ ಹತ್ತಿಪ್ಪತ್ತು ಡಿಗ್ರಿ ತಪ್ಪು ತೋರಿಸಬಹುದು, ಮ್ಯಾಗ್ನೆಟ್ ಇರೋ ಫೋನ್ ಕವರ್ ಕೂಡ ಹಾಗೇ ಕೆಡಿಸುತ್ತೆ, ಕವರ್ ತೆಗೀರಿ, ಫೋನನ್ನ ಗಾಳಿಯಲ್ಲಿ ಎಂಟರ ಆಕಾರದಲ್ಲಿ ತಿರುಗಿಸಿ ಸರಿಮಾಡ್ಕೊಂಡು ಆಮೇಲೆ ಓದಿ. ಅನುಮಾನ ಇದ್ರೆ ಇನ್ನೊಂದು ಉಪಾಯ, ಸ್ಯಾಟಲೈಟ್ ಮ್ಯಾಪ್ ತೆರೆದು ನೀವು ನಿಂತ ಜಾಗದಿಂದ ಆ ಕಂಬಕ್ಕೋ ಟ್ಯಾಂಕಿಗೋ ಗೆರೆ ಎಳೆದು ನೋಡಿ, ಕಂಪಾಸ್‌ಗಿಂತ ಅದೇ ನಿಖರ.

ಎತ್ತರಕ್ಕೆ ಕೈ. ತೋಳು ಪೂರ್ತಿ ಚಾಚಿ ಮುಷ್ಟಿ ಹಿಡಿದ್ರೆ ಆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಕಿರುಬೆರಳಿನ ಅಗಲ 1 ಡಿಗ್ರಿ, ಮಧ್ಯದ ಮೂರು ಬೆರಳು ಸೇರಿದ್ರೆ 5. ದಿಗಂತದ ಮಟ್ಟದಿಂದ ಮುಷ್ಟಿ ಮೇಲೆ ಮುಷ್ಟಿ ಇಟ್ಕೊಂಡು ಹೋಗಿ ಎಣಿಸಿ. ದಿಗಂತ ಅಂದ್ರೆ ಎದುರಿನ ಮನೆಯ ಸೂರಲ್ಲ, ಕಣ್ಣಿನ ನೇರ ಮಟ್ಟ. ಎಣಿಸ್ತಾ ಎಣಿಸ್ತಾ ನೆತ್ತಿವರೆಗೆ ಹೋಗಿ ನೋಡಿ, ಸುಮಾರು ಒಂಬತ್ತು ಮುಷ್ಟಿ ಬರ್ಬೇಕು, ಹತ್ತೋ ಎಂಟೋ ಬಂದ್ರೆ ನಿಮ್ಮ ಮುಷ್ಟಿಯ ಅಳತೆ ಅದಕ್ಕೆ ತಕ್ಕಂತೆ ಸರಿಮಾಡ್ಕೊಳ್ಳಿ.

ಕೈ ಬಳಸದೆ ಬರೀ ಅಂದಾಜಲ್ಲಿ ಹೇಳಿದ್ರೆ ಆಗೋ ತಪ್ಪು ಏನಂದ್ರೆ ಎಲ್ಲರೂ ಎತ್ತರ ಜಾಸ್ತಿ ಹೇಳ್ತಾರೆ. 30 ಡಿಗ್ರಿಯಲ್ಲಿ ಇದ್ದದ್ದು ಅರ್ಧ ಆಕಾಶದಲ್ಲಿ ಇತ್ತು ಅನಿಸುತ್ತೆ, 60ರಲ್ಲಿ ಇದ್ದದ್ದು ನೆತ್ತಿ ಮೇಲೇ ಇತ್ತು ಅನಿಸುತ್ತೆ. ಕುತ್ತಿಗೆ ಪೂರ್ತಿ ಹಿಂದಕ್ಕೆ ಬಾಗಿಸದೆ ನೋಡೋಕಾಗಿದ್ರೆ ಅದು ನೆತ್ತಿ ಅಲ್ಲ.

ಇಷ್ಟೊಂದು ಪಟ್ಟು ಯಾಕೆ ಹಿಡೀತೀನಿ ಅಂದ್ರೆ, ಒಬ್ಬರ ವರದಿಯಿಂದ ಸಿಗೋದು ದಿಕ್ಕು ಮಾತ್ರ, ದೂರ ಸಿಗಲ್ಲ. ಇನ್ನೊಂದು ಊರಿಂದ ಇನ್ನೊಬ್ಬರು ಅದೇ ಉಲ್ಕೆಯ ದಿಕ್ಕು ಹೇಳಿದಾಗ ಎರಡು ಗೆರೆ ಒಂದು ಕಡೆ ಸೇರ್ತವೆ, ಎತ್ತರ, ದಾರಿ, ವೇಗ ಎಲ್ಲ ಅಲ್ಲಿಂದಲೇ ಲೆಕ್ಕಕ್ಕೆ ಬರೋದು. 100 ಕಿಲೋಮೀಟರ್ ದೂರದಲ್ಲಿ ನಿಮ್ಮ 5 ಡಿಗ್ರಿ ತಪ್ಪು ಸುಮಾರು 9 ಕಿಲೋಮೀಟರ್ ತಪ್ಪಾಗುತ್ತೆ, ಕಲ್ಲು ಹುಡುಕೋಕೆ ಹೊರಟೋರಿಗೆ ಅದು ಸಣ್ಣ ವ್ಯತ್ಯಾಸ ಅಲ್ಲ.

ಇಲ್ಲೇ ಆ ಎರಡನೇ ಪ್ರಶ್ನೆಗೂ ಉತ್ತರ ಇದೆ, ಎಲ್ಲಿ ಬಿತ್ತು ಅನ್ನೋದು. ಆ ಮರದ ಹಿಂದೆ ಬಿತ್ತು, ಪಕ್ಕದ ಬಯಲಲ್ಲಿ ಬಿತ್ತು ಅಂತ ಎಲ್ಲರಿಗೂ ಅನಿಸುತ್ತೆ. 25 ಕಿಲೋಮೀಟರ್ ಎತ್ತರದಲ್ಲಿ ಆರಿಹೋದ ಉಲ್ಕೆ ನಿಮಗೆ ದಿಗಂತದಿಂದ ಒಂದು ಮುಷ್ಟಿ ಮೇಲೆ ಕಂಡಿದ್ರೆ ಅದು ನಿಮ್ಮಿಂದ ಸುಮಾರು 140 ಕಿಲೋಮೀಟರ್ ಆಚೆ ಇತ್ತು. 80 ಕಿಲೋಮೀಟರ್ ಎತ್ತರದಲ್ಲಿ ಆರಿದ್ರೆ ಸುಮಾರು 400 ಕಿಲೋಮೀಟರ್ ದೂರ. ಟಾರ್ಚ್ ಹಿಡ್ಕೊಂಡು ರಾತ್ರೋರಾತ್ರಿ ಮರದ ಹಿಂದೆ ಹುಡುಕೋಕೆ ಹೋಗೋದು ಬೇಡ, ಬಾವಿ ಹಳ್ಳ ಹಾವು ಅಂತ ಅಪಾಯ ಬೇರೆ.

ನನ್ನ ಕಡೆಗೇ ಬಂತು, ಕೆಳಕ್ಕೆ ಬಿತ್ತು, ಈ ಮಾತುಗಳನ್ನೂ ವರದೀಲಿ ಬಿಡಿ. ಎಡದಿಂದ ಬಲಕ್ಕಾ ಬಲದಿಂದ ಎಡಕ್ಕಾ, ಎರಡು ತುದಿ ಎಲ್ಲಿ, ಅಷ್ಟೇ ಸಾಕು. ಮಾರನೇ ದಿನ ಬೆಳಕಲ್ಲಿ ಅದೇ ಜಾಗಕ್ಕೆ ಹೋಗಿ, ಅದೇ ಎತ್ತರದಲ್ಲಿ ಫೋನ್ ಹಿಡಿದು ಒಂದು ಫೋಟೋ ತೆಗೆದು ಅದರ ಮೇಲೆ ದಾರಿಯ ಗೆರೆ ಎಳೆದಿಡಿ. ಕೋನ ಮತ್ತೊಂದು ಸಲ ಅಳೆಯೋಕೂ ಆಗ ಸುಲಭ.

ಹಂತ 5: ಅದು ನಿಜವಾಗ್ಲೂ ಉಲ್ಕೆನಾ?

ಕಾಲ ನೋಡಿ ಬೇರ್ಪಡಿಸೋದೇ ಸುಲಭ. ಉಲ್ಕೆ ಕೆಲವೇ ಸೆಕೆಂಡು, ಹತ್ತು ಸೆಕೆಂಡ್ ದಾಟೋದು ಅಪರೂಪ. ನಿಮಿಷಗಟ್ಟಲೆ ಕಂಡಿದ್ರೆ ಅದು ಬೇರೆ ಏನೋ. ಒಂದೇ ಸಮ ಹೊಳೀತಾ ಮೂರ್ನಾಲ್ಕು ನಿಮಿಷ ಆಕಾಶ ದಾಟಿದ್ದು ಬಾಹ್ಯಾಕಾಶ ನಿಲ್ದಾಣ ಇರಬಹುದು, ಸಾಲಾಗಿ ಚುಕ್ಕಿಗಳು ಒಂದರ ಹಿಂದೆ ಒಂದು ಹೋಗಿದ್ದು 2019ರಿಂದ ಹಾರಿಸ್ತಿರೋ ಸ್ಟಾರ್‌ಲಿಂಕ್ ಉಪಗ್ರಹಗಳು, ಕದಲದೆ ನಿಂತಿದ್ದು ಶುಕ್ರನೋ ಗುರುವೋ.

ಜನ ನಿಜವಾಗ್ಲೂ ಎಡವೋದು ರಾಕೆಟ್ ಅಥವಾ ಉಪಗ್ರಹದ ಅವಶೇಷ ವಾಪಸ್ ಬೀಳೋವಾಗ. ಅದೂ ಉರಿಯುತ್ತೆ, ಚೂರಾಗುತ್ತೆ, ಬಾಲ ಇರುತ್ತೆ. ಆದ್ರೆ ಅದರ ವೇಗ ಸೆಕೆಂಡಿಗೆ 8 ಕಿಲೋಮೀಟರ್ ಒಳಗೆ, ವಾತಾವರಣಕ್ಕೆ ಹೆಚ್ಚುಕಮ್ಮಿ ಅಡ್ಡಡ್ಡಲಾಗಿ ನುಗ್ಗುತ್ತೆ, ಅದಕ್ಕೆ ಅರ್ಧ ನಿಮಿಷ, ಒಂದು ನಿಮಿಷ, ಇನ್ನೂ ಹೆಚ್ಚು ಹೊತ್ತು ನಿಧಾನವಾಗಿ ಚೂರುಗಳ ಹಿಂಡಿನ ಥರ ಸಾಗುತ್ತೆ. 2022ರ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರ, ಮಧ್ಯಪ್ರದೇಶದಲ್ಲಿ ಜನ ನೋಡಿ ವಿಡಿಯೋ ಮಾಡಿದ್ದು ಇಂಥದ್ದೇ, ಅದು ಚೀನಾದ ರಾಕೆಟ್‌ನ ಭಾಗ ಅಂತ ತಜ್ಞರು ಗುರುತಿಸಿದ್ರು, ಚಂದ್ರಾಪುರ ಜಿಲ್ಲೆಯಲ್ಲಿ ದೊಡ್ಡ ಲೋಹದ ಬಳೆ, ಲೋಹದ ಗೋಳ ಸಿಕ್ಕಿದ್ವು. ಹೀಗೆ ಲೋಹದ ಟ್ಯಾಂಕ್, ಗೋಳ ಏನಾದ್ರೂ ಸಿಕ್ಕಿದ್ರೆ ಮುಟ್ಟಲೇಬೇಡಿ, ಒಳಗೆ ವಿಷದ ಇಂಧನ ಉಳಿದಿರಬಹುದು, ಪೊಲೀಸರಿಗೆ ತಿಳಿಸಿ ಜನರನ್ನ ದೂರ ಇಡಿ.

ಹಂತ 6: ವಿಡಿಯೋ ಹುಡುಕಿ, ಹಾಳು ಮಾಡ್ಬೇಡಿ

ಫೋನ್ ತೆಗೆಯೋಷ್ಟರಲ್ಲಿ ಎಲ್ಲ ಮುಗಿದಿರುತ್ತೆ, ಸರಿ. ಆದ್ರೆ ಕಾರಿನ ಡ್ಯಾಶ್‌ಕ್ಯಾಮ್, ಗೇಟಿನ ಸಿಸಿಟಿವಿ, ಅಂಗಡಿ ಮುಂದಿನ ಕ್ಯಾಮೆರಾ ಎಲ್ಲ ನೋಡ್ತಾನೇ ಇರ್ತವೆ. 1992ರ ಅಕ್ಟೋಬರ್ 9ರಂದು ಅಮೆರಿಕದ ಪೀಕ್‌ಸ್ಕಿಲ್‌ನಲ್ಲಿ ನಿಲ್ಲಿಸಿದ್ದ ಕಾರಿನ ಮೇಲೆ 12 ಕಿಲೋಗೂ ಹೆಚ್ಚು ತೂಕದ ಉಲ್ಕಾಶಿಲೆ ಬಿತ್ತು, ಅದು ಸೂರ್ಯನ ಸುತ್ತ ಯಾವ ದಾರೀಲಿ ಸುತ್ತುತ್ತಿತ್ತು ಅಂತ ಲೆಕ್ಕ ಹಾಕೋಕಾಗಿದ್ದು ಬೇರೆ ಬೇರೆ ಕಡೆ ಸಾಮಾನ್ಯ ಜನ ತೆಗೆದ ವಿಡಿಯೋಗಳಿಂದ.

ಸಿಸಿಟಿವಿ ರೆಕಾರ್ಡಿಂಗ್ ಕೆಲವು ದಿನಕ್ಕೆ ತಾನಾಗೇ ಅಳಿಸಿಹೋಗುತ್ತೆ, ಡ್ಯಾಶ್‌ಕ್ಯಾಮ್ ಆದ್ರೆ ಕೆಲವು ಗಂಟೆಯಲ್ಲೇ. ಆ ರಾತ್ರಿಯೇ ಕಾಪಿ ಮಾಡಿ. ಮೂಲ ಫೈಲೇ ಬೇಕು, ವಾಟ್ಸಾಪ್‌ನಲ್ಲಿ ಕಳಿಸಿದ್ರೆ ವಿಡಿಯೋ ಕುಗ್ಗಿ ವಿವರ ಹೋಗುತ್ತೆ, ಪರದೆಯನ್ನ ಫೋನಲ್ಲಿ ಶೂಟ್ ಮಾಡಿದ್ದೂ ಸಾಲದು. ಉಲ್ಕೆ ಕಂಡ ಭಾಗ ಮಾತ್ರ ಕತ್ತರಿಸಿ ಜೂಮ್ ಮಾಡಿ ಮ್ಯೂಸಿಕ್ ಹಾಕೋರು ಹಾಕಿಕೊಳ್ಳಲಿ, ಮೂಲವನ್ನ ಮಾತ್ರ ಮುಟ್ಟದೆ ಇಡಿ. ಹಿಂದಿನ ಮುಂದಿನ ಐದಾರು ನಿಮಿಷವೂ ಇರಲಿ, ಸದ್ದು ದಾಖಲಾಗಿದ್ರೂ ಆಗಿರಬಹುದು.

ಸಿಸಿಟಿವಿ ಗಡಿಯಾರ ಬಹಳ ಸಲ ತಪ್ಪಿರುತ್ತೆ. ಲೈವ್ ಪರದೆಯ ಪಕ್ಕ ಫೋನಿನ ಟೈಮ್ ಹಿಡಿದು ಒಂದು ಫೋಟೋ ತೆಗೀರಿ, ಎಷ್ಟು ಸೆಕೆಂಡ್ ಹಿಂದೆ ಮುಂದೆ ಇದೆ ಅಂತ ಗೊತ್ತಾಗುತ್ತೆ. ಕ್ಯಾಮೆರಾವನ್ನ ಮಾತ್ರ ಕದಲಿಸ್ಬೇಡಿ, ಒರೆಸೋಕೂ ಹೋಗ್ಬೇಡಿ. ವಿಜ್ಞಾನಿಗಳು ಆಮೇಲೆ ಅದೇ ಜಾಗದಿಂದ ನಕ್ಷತ್ರಗಳ ಫೋಟೋ ತೆಗೆದು, ಚಿತ್ರದಲ್ಲಿರೋ ಸೂರು ಕಂಬಗಳ ಜೊತೆ ಹೊಂದಿಸಿ, ಪರದೆಯ ಒಂದೊಂದು ಚುಕ್ಕಿ ಆಕಾಶದ ಯಾವ ಕೋನ ಅಂತ ಲೆಕ್ಕ ಹಾಕ್ತಾರೆ.

ಹಂತ 7: ವರದಿ ಕಳಿಸಿ

ಪೊಲೀಸ್, ಅಗ್ನಿಶಾಮಕ ದಳಕ್ಕೆ ಬರೀ ಬೆಳಕು ಕಂಡಿದ್ದಕ್ಕೆ ಫೋನ್ ಮಾಡೋದು ಬೇಡ, ಎಲ್ಲಾದ್ರೂ ಹಾನಿಯಾಗಿದ್ರೆ ಮಾತ್ರ. ವರದಿ ಕಳಿಸಬೇಕಾಗಿರೋದು ಇಂಟರ್‌ನ್ಯಾಷನಲ್ ಮೀಟಿಯರ್ ಆರ್ಗನೈಸೇಷನ್‌ಗೆ, ಐಎಂಒ ಅಂತಾರೆ, 1988ರಲ್ಲಿ ಶುರುವಾಗಿದ್ದು. ಅವರ ವೆಬ್‌ಸೈಟ್‌ನಲ್ಲಿ ಫೈರ್‌ಬಾಲ್ ವರದಿ ಮಾಡೋ ಫಾರ್ಮ್ ಇದೆ, ದುಡ್ಡು ಕೊಡಬೇಕಿಲ್ಲ, ಯಾವ ದೇಶದಿಂದಾದ್ರೂ ತುಂಬಬಹುದು. 1911ರಿಂದ ಇರೋ ಅಮೆರಿಕನ್ ಮೀಟಿಯರ್ ಸೊಸೈಟಿಯ ಫಾರ್ಮ್ ಕೂಡ ಇದೇ ವ್ಯವಸ್ಥೆಗೆ ಸೇರುತ್ತೆ, ಎರಡೂ ಕಡೆ ತುಂಬೋ ಅಗತ್ಯ ಇಲ್ಲ.

ಫಾರ್ಮ್ ತುಂಬೋವಾಗ ಜನ ಮಾಡೋ ತಪ್ಪು ಎರಡು. ಮೊದಲನೇದು, ಮ್ಯಾಪಿನಲ್ಲಿ ಮನೆಯ ವಿಳಾಸ ಹಾಕೋದು, ನೋಡಿದ್ದು ಮಾತ್ರ ಹೈವೇಯಲ್ಲಿ. ನೋಡಿದಾಗ ನಿಂತಿದ್ದ ಜಾಗವೇ ಬೇಕು. ಎರಡನೇದು, ಸ್ಥಳೀಯ ಸಮಯ ಕೇಳಿದ ಕಡೆ ಬೇರೆ ಟೈಮ್‌ಝೋನ್ ಆರಿಸೋದು ಅಥವಾ ಮಧ್ಯರಾತ್ರಿ ದಾಟಿದ ಮೇಲೆ ನೋಡಿದ್ದಕ್ಕೆ ಹಿಂದಿನ ದಿನದ ತಾರೀಖು ಹಾಕೋದು. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತಲೇ ಬಿಡಿ, ಊಹಿಸಿ ತುಂಬಿಸಿದ್ರೆ ಬೇರೆಯವರ ಒಳ್ಳೆ ವರದಿಗಳ ಲೆಕ್ಕವೂ ಕೆಡುತ್ತೆ. ಒಂದೇ ಮನೆಯಿಂದ ಮೂರು ಜನ ನೋಡಿದ್ರೆ ಮೂವರೂ ಕಳಿಸಬಹುದು, ಒಬ್ಬರದ್ದನ್ನ ನಕಲು ಮಾಡ್ಬೇಡಿ ಅಷ್ಟೇ.

ಬೇರೆಯವರೂ ವರದಿ ಮಾಡಿದ್ರೆ ಎಲ್ಲವನ್ನ ಒಂದೇ ಘಟನೆಯಾಗಿ ಜೋಡಿಸಿ ಮ್ಯಾಪ್ ಮೇಲೆ ಹಾಕ್ತಾರೆ. 2021ರ ಫೆಬ್ರವರಿ 28ರ ರಾತ್ರಿ ಇಂಗ್ಲೆಂಡಿನ ಮೇಲೆ ಹೋದ ಫೈರ್‌ಬಾಲ್‌ಗೆ ಸಾವಿರಕ್ಕೂ ಹೆಚ್ಚು ಜನ ವರದಿ ಕಳಿಸಿದ್ರು, ಕ್ಯಾಮೆರಾ ಜಾಲಗಳೂ ಹಿಡಿದಿದ್ವು, ವಿಂಚ್‌ಕೂಂಬ್ ಅನ್ನೋ ಊರಲ್ಲಿ ಮನೆ ಮುಂದೆ ಬಿದ್ದ ಕಪ್ಪು ಪುಡಿ ಮತ್ತೆ ಚೂರುಗಳನ್ನ ಮಾರನೇ ಬೆಳಿಗ್ಗೆಯೇ ಎತ್ತಿಟ್ಟರು. ಮಳೆ ಬೀಳೋ ಮುಂಚೆ ಸಿಕ್ಕಿದ್ದಕ್ಕೆ ಅದರೊಳಗಿನ ಬಾಹ್ಯಾಕಾಶದ ನೀರಿನ ಅಂಶವನ್ನೂ ಅಳೆಯೋಕಾಯ್ತು.

ಹಂತ 8: ಕಲ್ಲು ಸಿಕ್ಕಿದ್ರೆ

ಬಹುಪಾಲು ಫೈರ್‌ಬಾಲ್‌ನಿಂದ ನೆಲಕ್ಕೆ ಏನೂ ಬರಲ್ಲ. ಆಗಸ್ಟ್‌ನ ಪರ್ಸೀಡ್ ಉಲ್ಕಾವರ್ಷದವು ಸೆಕೆಂಡಿಗೆ 59 ಕಿಲೋಮೀಟರ್ ವೇಗದ ಧೂಮಕೇತುವಿನ ಪುಡಿ, ಎಷ್ಟೇ ಹೊಳೆದ್ರೂ ಮೇಲೇ ಮುಗೀತವೆ. ನಿಧಾನವಾಗಿ ಬಂದು, ಹಲವು ಸೆಕೆಂಡ್ ಉರಿದು, ಚೂರಾಗಿ, ಕೆಂಪಾಗಿ ಆರಿ, ಆಮೇಲೆ ಸದ್ದೂ ಬಂದಿದ್ರೆ ಆಸೆ ಇಟ್ಕೊಳ್ಳಬಹುದು. ಬೆಳಕು ಆರಿದ ಮೇಲೆ ಚೂರುಗಳು ಕೆಲವು ನಿಮಿಷ ಕತ್ತಲಲ್ಲೇ ಬೀಳ್ತವೆ, ಇದಕ್ಕೆ ಡಾರ್ಕ್ ಫ್ಲೈಟ್ ಅಂತಾರೆ, ಆಗ ಗಾಳಿ ಅವನ್ನ ಕಿಲೋಮೀಟರ್‌ಗಟ್ಟಲೆ ಪಕ್ಕಕ್ಕೆ ತಳ್ಳಬಹುದು. ಅಷ್ಟರಲ್ಲಿ ತಣ್ಣಗೂ ಆಗಿರ್ತವೆ, ಕೆಂಡದ ಹಾಗೆ ಬಿದ್ದು ಹುಲ್ಲಿಗೆ ಬೆಂಕಿ ಹತ್ತಿಕೊಳ್ತು ಅನ್ನೋ ಕಥೆಗಳನ್ನ ನಂಬಬೇಡಿ.

ಹೊಸದಾಗಿ ಬಿದ್ದ ಉಲ್ಕಾಶಿಲೆ ಸಾಮಾನ್ಯವಾಗಿ ತೆಳುವಾದ ಕಪ್ಪು ಹೊರಪದರ ಹೊದ್ದಿರುತ್ತೆ, ಎಲ್ಲಾದ್ರೂ ಚಕ್ಕೆ ಎದ್ದಿದ್ರೆ ಒಳಗೆ ತಿಳಿ ಬೂದು ಕಾಣುತ್ತೆ, ಮೂಲೆಗಳು ಸವೆದು ನುಣುಪಾಗಿರ್ತವೆ, ಕೆಲವುದರ ಮೇಲೆ ಹೆಬ್ಬೆರಳು ಒತ್ತಿದಂಥ ಗುಳಿ. ಗಾತ್ರಕ್ಕೆ ಹೋಲಿಸಿದ್ರೆ ತೂಕ ಜಾಸ್ತಿ. ಸ್ಪಂಜಿನ ಥರ ತೂತು ತೂತಿದ್ರೆ ಬಹುತೇಕ ಕಾರ್ಖಾನೆಯ ಕಿಟ್ಟ ಅಥವಾ ಜ್ವಾಲಾಮುಖಿಯ ಕಲ್ಲು.

ಮ್ಯಾಗ್ನೆಟ್ ಹಿಡಿದು ನೋಡೋದು ಎಲ್ಲರೂ ಹೇಳಿಕೊಡೋ ಪರೀಕ್ಷೆ, ದಯವಿಟ್ಟು ಮಾಡ್ಬೇಡಿ. ಆ ಕಲ್ಲಿನೊಳಗೆ ಸೌರಮಂಡಲದ ಆರಂಭದ ಕಾಲದ ಕಾಂತಕ್ಷೇತ್ರದ ಗುರುತು ಉಳಿದಿರುತ್ತೆ, ಬಲವಾದ ಮ್ಯಾಗ್ನೆಟ್ ತಾಗಿದ ಕ್ಷಣದಲ್ಲಿ ಅದು ಅಳಿಸಿಹೋಗುತ್ತೆ, ಮತ್ತೆ ಬರಲ್ಲ. ಬದಲಿಗೆ ಕಂಪಾಸ್ ಮುಳ್ಳನ್ನ ಹತ್ರ ತಂದು ಅಲುಗಾಡುತ್ತಾ ನೋಡಿ.

ಎತ್ತೋ ಮುಂಚೆ ಬಿದ್ದಲ್ಲೇ ಫೋಟೋ ತೆಗೀರಿ, ಅಳತೆಗೆ ಪಕ್ಕದಲ್ಲಿ ಪೆನ್ನೋ ಸ್ಕೇಲೋ ಇಡಿ, ಫೋನಿನ ಲೊಕೇಶನ್ ಬರ್ಕೊಳ್ಳಿ, ಗುಳಿ ಬಿದ್ದಿದ್ರೆ ಅದನ್ನೂ ಫೋಟೋ ತೆಗೀರಿ. ಬರಿಗೈಲಿ ಮುಟ್ಟದೆ ಗ್ಲೌಸ್ ಹಾಕಿ ಅಥವಾ ಹೊಸ ಅಲ್ಯೂಮಿನಿಯಂ ಫಾಯಿಲ್‌ನಿಂದ ಹಿಡಿದು ಎತ್ತಿ, ಫಾಯಿಲ್‌ನಲ್ಲೇ ಸುತ್ತಿ ಝಿಪ್ ಕವರ್‌ಗೆ ಹಾಕಿ ಒಣಗಿದ ಜಾಗದಲ್ಲಿಡಿ. ತೊಳೀಬೇಡಿ, ಉಜ್ಜಬೇಡಿ, ಒಳಗೇನಿದೆ ಅಂತ ಒಡೀಬೇಡಿ, ಪೂಜೆಗೆ ಅಂತ ಅರಿಶಿನ ಕುಂಕುಮ ಎಣ್ಣೆ ಹಚ್ಚೋದೂ ಬೇಡ. ಬೇರೆಯವರ ಜಮೀನಾದ್ರೆ ಒಪ್ಪಿಗೆ ಕೇಳಿ ಒಳಗೆ ಹೋಗಿ. ಕಲ್ಲು ಯಾರಿಗೆ ಸೇರುತ್ತೆ ಅನ್ನೋ ಕಾನೂನು ದೇಶದಿಂದ ದೇಶಕ್ಕೆ ಬೇರೆ, ಅದಕ್ಕೇ ಮಾರಾಟದ ಮಾತೆತ್ತೋ ಮುಂಚೆ ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗ, ಭೂವಿಜ್ಞಾನ ಇಲಾಖೆ ಅಥವಾ ವಿಜ್ಞಾನ ಸಂಗ್ರಹಾಲಯಕ್ಕೆ ಫೋಟೋ, ಲೊಕೇಶನ್, ಬಿದ್ದ ಸಮಯ ಮೂರನ್ನೂ ಒಟ್ಟಿಗೆ ಕಳಿಸಿ. ಬೇಗ ಕಳಿಸಿ, ಯಾಕಂದ್ರೆ ಕಲ್ಲಿನೊಳಗಿನ ಕೆಲವು ವಿಕಿರಣಶೀಲ ಅಂಶಗಳು ದಿನಗಳ ಲೆಕ್ಕದಲ್ಲೇ ಕ್ಷೀಣಿಸ್ತವೆ, ಅವನ್ನ ಅಳೆಯೋ ಪ್ರಯೋಗಾಲಯಕ್ಕೆ ಒಂದೊಂದು ದಿನವೂ ಮುಖ್ಯ.